ಮುರಿಯುವುದಾದರೆ ಎಲ್ಲಿ ಮುರಿಯಬೇಕು

ಮುರಿದ ಶಾಫ್ಟಿನ ತುಂಡನ್ನು ಮೇಸ್ತ್ರಿ ಡೀಸೆಲ್‌ನಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿ ನಿಮ್ಮ ಕೈಗೆ ಕೊಡುತ್ತಾರೆ. ಗೇಣುದ್ದವೂ ಇಲ್ಲದ ಉಕ್ಕು, ಆದರೂ ಅಂಗೈ ತಗ್ಗುತ್ತದೆ. "ಬೆಳಕಿಗೆ ಹಿಡ್ದು ನೋಡಿ" ಅನ್ನುತ್ತಾರೆ. ಶೆಡ್ಡಿನ ಬಾಗಿಲ ಹತ್ತಿರ ಹೋಗಿ ತಿರುಗಿಸಿದರೆ ಮುರಿದ ಮುಖದಲ್ಲಿ ಎರಡು ಬಣ್ಣ. ಮೂರರಲ್ಲಿ ಎರಡು ಭಾಗ ಕಂದು, ಮುಟ್ಟಿದರೆ ನುಣುಪು; ಅದರಲ್ಲಿ ಒಂದರ ಹಿಂದೆ ಒಂದರಂತೆ ಬಾಗಿದ ಸಣ್ಣ ಗೆರೆಗಳು. ಉಳಿದ ಒಂದು ಭಾಗ ಸಕ್ಕರೆ ಚೆಲ್ಲಿದ ಹಾಗೆ ಹರಳುಹರಳಾಗಿ ಹೊಳೆಯುತ್ತಿದೆ. ಗೆರೆಗಳೆಲ್ಲ ಹೊರಟಿರುವುದು ಒಂದೇ ಜಾಗದಿಂದ, ಹಬ್‌ನ ಕೀ ಕೂರಿಸಲು ಕೊರೆದ ಕಾಲುವೆಯ ಚೂಪು ಮೂಲೆಯಿಂದ.

"ಇದು ಮೊನ್ನೆ ಮುರ್ದಿದ್ದಲ್ಲ ಗೌಡ್ರೇ. ಬಿರುಕು ಬಿಟ್ಟು ಎಷ್ಟೋ ತಿಂಗಳಾಗೈತೆ. ಕಂದು ಬಣ್ಣ ಇರೋದು ಹಳೇ ಬಿರುಕು, ನೀರು ಎಣ್ಣೆ ಕುಡ್ದು ತುಕ್ಕು ಹಿಡ್ದಿರೋದು. ಹೊಳೆಯೋ ಇಷ್ಟೇ ಇಷ್ಟು ಮೊನ್ನೆವರೆಗೂ ಗಾಡಿ ಎಳೀತಿತ್ತು."

"ಅದ್ಕೇ ನಾನ್ ಅಂದಿದ್ದು," ಗೌಡರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ತೋಟದ ಬಂಡೆ ಮೇಲೆ ಏನೂ ಆಗ್ಲಿಲ್ಲ. ಟಾರ್ ರೋಡಲ್ಲಿ, ಇಳಿಜಾರಲ್ಲಿ, ಚಕ್ರ ನನ್ ಪಕ್ಕದಲ್ಲೇ ಮುಂದಕ್ಕೆ ಓಡೋಯ್ತಲ್ಲ ಮೇಸ್ತ್ರಿ!"

ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವ ದಾರಿಯ ಬದಿಯಲ್ಲಿದ್ದೀರಿ. ಅಕ್ಟೋಬರ್ ಕೊನೆಯ ವಾರ, ಮಳೆ ಇನ್ನೂ ಪೂರ್ತಿ ಹಿಂದೆಗೆದಿಲ್ಲ. ಶೀಟಿನ ಮೇಲೆ ಹನಿ ಸದ್ದು ಆಗಾಗ ಜೋರಾದಾಗ ಮಾತು ನಿಲ್ಲಿಸಿ ಕಾಯಬೇಕು. ಒಳಗೆ ಗೌಡರ ಮಹೀಂದ್ರ ಜೀಪು, ಎಂಬತ್ತರ ದಶಕದ್ದು, ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿದೆ. ಪ್ಯೂಜೊ ಡೀಸೆಲ್ ಎಂಜಿನ್, ನಾಲ್ಕು ಗೇರು, ಹಸಿರು ಬಣ್ಣದ ಮೇಲೆ ಮತ್ತೊಂದು ಹಸಿರು. ನಿಂತಿರುವ ಎತ್ತರ ಮಾತ್ರ ಕಂಪನಿ ಕೊಟ್ಟದ್ದಲ್ಲ. ಗೌಡರ ತಮ್ಮನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ. ಎರಡು ವರ್ಷದ ಹಿಂದೆ ಅವನೇ ಆಸ್ಥೆಯಿಂದ ಇದನ್ನು ಎತ್ತಿಸಿದ. ಆಕ್ಸಲ್‌ನ ಕೆಳಗಿದ್ದ ಕಮಾನು ಪಟ್ಟಿಗಳನ್ನು ಮೇಲಕ್ಕೆ ತಂದು ಕೂರಿಸಿ, 29 ಇಂಚಿನ ಟೈರಿನ ಜಾಗದಲ್ಲಿ 33 ಇಂಚಿನದು ಹಾಕಿಸಿದ. ಕಾಫಿ ತೋಟದ ಮೇಲಿನ ಬ್ಲಾಕಿಗೆ ಹೋಗುವ ದಾರಿಯಲ್ಲಿ ಮೊಳಕಾಲೆತ್ತರದ ಬಂಡೆಗಳಿವೆ, ಹಳ್ಳ ಎರಡು ಕಡೆ ಅಡ್ಡ ಬರುತ್ತದೆ. ಡಿಸೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾದರೆ ಆಳುಗಳನ್ನೂ ಚೀಲಗಳನ್ನೂ ಹೊರಲು ಇದೊಂದೇ ಗಾಡಿ. ಅಷ್ಟರೊಳಗೆ ಆಕ್ಸಲ್ ಬದಲಾಗಬೇಕು. ಬರೀ ಶಾಫ್ಟ್ ಸಾಲದೇ ಎಂದು ಕೇಳಬಹುದು. ಸಾಲದು. ಹೌಸಿಂಗಿನ ತುದಿ ಟಾರಿನ ಮೇಲೆ ಉಜ್ಜಿಕೊಂಡು ಬಂದು ಬೇರಿಂಗ್ ಕೂರುವ ಜಾಗವೇ ಸವೆದುಹೋಗಿದೆ.

ಹುಡುಗ ಫೋನಿನಲ್ಲಿ ಆಗಲೇ ತನ್ನ ಆಯ್ಕೆ ಹೇಳಿಬಿಟ್ಟಿದ್ದಾನೆ: "ದೊಡ್ಡಪ್ಪ, ಸಿಗೋದ್ರಲ್ಲೇ ದೊಡ್ಡ ಆಕ್ಸಲ್ ಹಾಕ್ಸಿಬಿಡಿ. ಲಾಕರ್ ನಾನ್ ತರ್ತೀನಿ." ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಂಧಿಸುವ ಸಾಧನ ಲಾಕರ್. ದೊಡ್ಡದು ಎಂದರೆ ಒಳ್ಳೆಯದು ಎಂಬ ಲೆಕ್ಕ ಕೇಳಲು ಚೆನ್ನಾಗಿರುತ್ತದೆ. ಮೇಸ್ತ್ರಿ ಅದಕ್ಕೆ ತಲೆಯಾಡಿಸುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಟೇಪು ಎತ್ತಿಕೊಂಡು ಜೀಪಿನ ಕೆಳಗೆ ತೂರುತ್ತಾರೆ. ನೀವೂ ಗೋಣಿ ಹಾಸಿಕೊಂಡು ಪಕ್ಕದಲ್ಲಿ ಮಲಗಿ.

ಇಲ್ಲಿಂದ ನೋಡಿದರೆ ಗಾಡಿ ಬೇರೆಯೇ. ಮೇಲೆ ಕಾಣುವ ಎತ್ತರವೆಲ್ಲ ಚಾಸಿಯದು, ಬಾಡಿಯದು. ಆಕ್ಸಲ್ ನಡುವಿನ ಹೊಟ್ಟೆ, ಅಂದರೆ ಕ್ರೌನ್ ಪಿನಿಯನ್ ಕೂತಿರುವ ಉಬ್ಬು, ಹಳೆಯ ಜಾಗದಿಂದ ಎರಡೇ ಇಂಚು ಮೇಲೆದ್ದಿದೆ. ಅದನ್ನೂ ಎತ್ತಿದ್ದು ಟೈರು, ಕಮಾನಲ್ಲ. ಕಮಾನು ಪಟ್ಟಿಯಿಂದ ಒಂದು ಮೊಳ ಎತ್ತಿದರೂ ಆಕ್ಸಲ್‌ಗೂ ನೆಲಕ್ಕೂ ನಡುವಿನ ಅಂತರ ಕೂದಲೆಳೆಯಷ್ಟೂ ಹೆಚ್ಚದು. ಅಲ್ಲಿ ಲೆಕ್ಕಕ್ಕೆ ಬರುವುದು ಟೈರಿನ ಅರ್ಧ ಎತ್ತರ ಮಾತ್ರ. ಇನ್ನು ದೊಡ್ಡ ಆಕ್ಸಲ್ ಎಂದರೆ ದೊಡ್ಡ ಕ್ರೌನ್ ವೀಲು, ಅದಕ್ಕೆ ತಕ್ಕ ದೊಡ್ಡ ಹೊಟ್ಟೆ. ಟೈರಿಗೆ ದುಡ್ಡು ಸುರಿದು ಗಳಿಸಿದ ಎರಡು ಇಂಚಿನಲ್ಲಿ ಒಂದನ್ನು ಆ ಹೊಟ್ಟೆಯೇ ನುಂಗುತ್ತದೆ. ಬಂಡೆಗೆ ಮೊದಲು ತಾಗುವುದೂ ಅದೇ.

ಮೇಸ್ತ್ರಿ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕ್ರಾಸ್ ಹಿಡಿದು ಅಲ್ಲಾಡಿಸುತ್ತಾರೆ, ಟಕ್ ಟಕ್ ಅನ್ನುತ್ತದೆ. ಗಿಡ್ಡ ಜೀಪು, ಗಿಡ್ಡ ಶಾಫ್ಟು; ಮೇಲೆ ಎಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಕೆಳಗೆ ಪಿನಿಯನ್. ಎತ್ತರಿಸಿದ ಮೇಲೆ ಶಾಫ್ಟು ಏಣಿಯಷ್ಟು ಕಡಿದಾಗಿ ನಿಂತಿದೆ. ಕ್ರಾಸ್ ಒಂದು ಮಿತಿಯೊಳಗಿನ ಕೋನದಲ್ಲಿ ಮಾತ್ರ ಸುಖವಾಗಿ ತಿರುಗುತ್ತದೆ. ಕೋನ ಇದ್ದಾಗ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರಿ ಎರಡು ಸಲ ಇಳಿಯುತ್ತದೆ; ಮಿತಿ ದಾಟಿದರೆ ಅದರ ನಡುಕ ಪಿನಿಯನ್ ಬೇರಿಂಗಿನವರೆಗೂ ಹೋಗುತ್ತದೆ. ಎರಡೂ ತುದಿಯ ಕೋನ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಇಲ್ಲಿ ಸಮನಾಗಿಲ್ಲ. ಕಮಾನು ಮೇಲೆ ತಂದಾಗ ಅದು ಕೂರುವ ಪ್ಯಾಡನ್ನು ಅಂದಾಜಿನಲ್ಲಿ ವೆಲ್ಡ್ ಮಾಡಿದ್ದಾರೆ.

ಈ ಕ್ರಾಸ್‌ನ ಹಿಂದೆ ಒಂದು ಕಥೆ ಇದೆ. ಕಾರುಗಳು ಸೈಕಲ್ಲಿನ ಹಾಗೆ ಚೈನಿನಿಂದ ಓಡುತ್ತಿದ್ದ ಕಾಲದಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಲಾರೆನ್ಸ್ ಸ್ಪೈಸರ್ ಎಂಬ ಯುವಕ ಕಾರಿಗೆ ಹೊಂದುವ ಯೂನಿವರ್ಸಲ್ ಜಾಯಿಂಟ್ ರೂಪಿಸಿ, 1904ರಲ್ಲಿ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ ಅದನ್ನು ಮಾಡಿ ಮಾರಲು ಶುರುಮಾಡಿದ. ಮುಂದೆ ಆ ಕಂಪನಿಗೆ ಚಾರ್ಲ್ಸ್ ಡಾನಾ ಬಂದು ಸೇರಿದರು, 1946ರಲ್ಲಿ ಕಂಪನಿಯ ಹೆಸರೇ ಡಾನಾ ಆಯಿತು. ಅದೇ ಕಂಪನಿ ಮಾಡಿದ ಜೀಪಿನ ಆಕ್ಸಲ್‌ಗಳನ್ನು ಸ್ಪೈಸರ್ ಎಂದೂ ಡಾನಾ ಎಂದೂ ಎರಡು ಹೆಸರಿನಿಂದ ಕರೆಯುವುದು ಇದಕ್ಕೇ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು ಅವುಗಳ ಮೇಲೆ ಓಡಿತು. 1947ರಲ್ಲಿ ಮಹೀಂದ್ರ ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದಾಗ ಅದೇ ವಂಶ ಇಲ್ಲಿಗೂ ಬಂತು. ಮಲೆನಾಡಿನ ಹಳೇ ಜೀಪುಗಳ ಹೌಸಿಂಗಿನ ಮಣ್ಣು ಕೆರೆದು ನೋಡಿ, ಎರಕದಲ್ಲೇ ಮೂಡಿದ 44 ಎಂಬ ಮಾದರಿ ಸಂಖ್ಯೆ ಎಷ್ಟೋ ಕಡೆ ಸಿಗುತ್ತದೆ.

ಮೇಸ್ತ್ರಿ ಹೊರಬಂದು ಕೈ ಒರೆಸಿಕೊಂಡು, ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಬರೆಯುತ್ತಾರೆ. ಬಿಚ್ಚಿಟ್ಟ ಕ್ರೌನ್ ವೀಲಿನ ಹಲ್ಲುಗಳನ್ನು ಅವರ ಹುಡುಗ ಸೀಮೆಸುಣ್ಣದಿಂದ ಗುರುತು ಮಾಡಿ ಎಣಿಸಿದ್ದಾನೆ: 39. ಪಿನಿಯನ್‌ಗೆ 8. ಭಾಗಿಸಿದರೆ 4.88. ಟಾಪ್ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರ್ ಹೋಗುವಾಗ 29 ಇಂಚಿನ ಟೈರಿಗೆ ಎಂಜಿನ್ ನಿಮಿಷಕ್ಕೆ ಸುಮಾರು 2,100 ಸುತ್ತು ತಿರುಗುತ್ತಿತ್ತು. 33 ಇಂಚಿನ ಟೈರು ಬಂದ ಮೇಲೆ ಅದೇ ವೇಗಕ್ಕೆ 1,850. ಕೇಳಿದರೆ ಡೀಸೆಲ್ ಉಳಿಯಿತಲ್ಲ ಅನಿಸುತ್ತದೆ. ನಿಜವಾಗಿ ಎಂಜಿನ್ ಏದುಸಿರು ಬಿಡುತ್ತಿತ್ತು. ಏರು ಬಂದ ಕಡೆಯೆಲ್ಲ ಒಂದು ಗೇರು ಕೆಳಗೆ, ಕ್ಲಚ್ ಪ್ಲೇಟು ಬೇಗ ಸವೆತ, ಬಂಡೆ ಹತ್ತುವಾಗ ಕ್ಲಚ್ ಮೇಲೆ ಕಾಲಿಟ್ಟು ಒದ್ದಾಟ, ಆ ಒದ್ದಾಟದ ಜರ್ಕೆಲ್ಲ ಹೋಗಿ ಬಡಿಯುವುದು ಶಾಫ್ಟಿಗೆ.

"ಆಕ್ಸಲ್ ಆರಿಸೋದು ಟೈರಿಂದ ಶುರುವಾಗ್ಬೇಕು ಗೌಡ್ರೇ. 33 ಇರ್ಬೇಕೋ ಬೇಡ್ವೋ ಮೊದ್ಲು ಹೇಳಿ."

"ಬೇಡ ಅಂದ್ರೆ?"

"31 ಹಾಕಿ. ಹೊಟ್ಟೆ ಒಂದು ಇಂಚು ಕೆಳಗ್ ಬರ್ತದೆ, ಅಷ್ಟೇ. ಕಮಾನು ಮತ್ತೆ ಆಕ್ಸಲ್ ಕೆಳಗೇ ಹಾಕೋಣ, ಹೊಸಾ ಕಟ್ಟು ಹಾಕ್ಸಿ ಎರಡು ಇಂಚು ಎತ್ತಿದ್ರೆ ಸಾಕು, ಟೈರು ಎಲ್ಲೂ ತಾಗಲ್ಲ. ಶಾಫ್ಟು ಇಷ್ಟು ಕಡಿದಾಗಿ ನಿಲ್ಲಲ್ಲ."

ಗೌಡರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಹುಡುಗ ಬೇಸರ ಮಾಡಿಕೊಂಡಾನು ಎಂಬ ಯೋಚನೆ ಮುಖದಲ್ಲೇ ಕಾಣುತ್ತದೆ. ಆದರೆ ಅವರಿಗೆ ಇನ್ನೊಂದು ಚಿಂತೆಯೂ ಇದೆ. ಕಂಪನಿ ನಮೂದಿಸಿದ್ದಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಿದರೆ ಅದು ರಸ್ತೆಗೆ ತಕ್ಕದ್ದಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ತೋಟದೊಳಗೆ ಏನಾದರೂ ಸರಿ, ತೋಟದಿಂದ ಪೇಟೆಗೆ ಬರುವ ದಾರಿ ಸರ್ಕಾರದ್ದು. ಎತ್ತರಿಸಿದ ಜೀಪಿನಲ್ಲಿ ಆಳುಗಳನ್ನು ಕೂರಿಸಿಕೊಂಡು ಹೋಗುವಾಗ ಚಕ್ರ ಕಳಚಿದ್ದರೆ ಯಾವ ಇನ್ಶೂರೆನ್ಸ್ ಕಂಪನಿ ಕೈ ಹಿಡಿಯುತ್ತಿತ್ತು? ಈ ಮಾತನ್ನು ಎತ್ತರದ ಜೀಪು ಇಷ್ಟಪಡುವ ಎಲ್ಲರೂ ತಮಗೆ ತಾವೇ ಕೇಳಿಕೊಳ್ಳಬೇಕು ಎಂದು ನನಗನ್ನಿಸುತ್ತದೆ. ನಾನೂ ಇಷ್ಟಪಡುವವನೇ.

"31 ಆಗ್ಲಿ" ಅನ್ನುತ್ತಾರೆ ಗೌಡರು.

ಮುಂದಿನದು ಬೆಂಗಳೂರು. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಾಗುವಾಗ ಇಳಿದು, ಶಿವಾಜಿನಗರದ ಗುಜರಿಗೆ ಬಂದಿದ್ದೀರಿ. ಶಟರುಗಳು ಒಂದೊಂದಾಗಿ ಏಳುತ್ತಿವೆ. ಓಣಿಯ ಎರಡೂ ಕಡೆ ಬಾನೆಟ್ಟು, ಬಾಗಿಲು, ರೇಡಿಯೇಟರು. ಕಾಲಿಟ್ಟಲ್ಲೆಲ್ಲ ಎಣ್ಣೆ ಮಿಂದ ಕಪ್ಪು ಮಣ್ಣು. ಆಕ್ಸಲ್‌ಗಳನ್ನು ಗೋಡೆಗೆ ಒರಗಿಸಿ ಅಡ್ಡಡ್ಡ ಪೇರಿಸಿದ್ದಾರೆ. ನೀವು ಇನ್ನೂ ಬಾಯಿ ಬಿಡುವ ಮೊದಲೇ ಅಂಗಡಿಯವರು, "ಬನ್ನಿ ಅಣ್ಣ, ಬೋಣಿ ಟೈಮು, ಒಳ್ಳೇ ರೇಟಿಗೆ ಕೊಡ್ತೀನಿ" ಅನ್ನುತ್ತಾರೆ. ಮೇಸ್ತ್ರಿ ರೇಟು ಕೇಳುವುದಿಲ್ಲ. ಟಾರ್ಚು, ಟೇಪು, ವರ್ನಿಯರ್, ಒಂದು ಅಯಸ್ಕಾಂತ, ಒಂದು ಉಂಡೆ ದಾರ, ಇಷ್ಟನ್ನು ಚೀಲದಿಂದ ತೆಗೆದು ಕೆಳಗೆ ಜೋಡಿಸುತ್ತಾರೆ.

ಮೊದಲ ಆಕ್ಸಲ್ ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ಯಾವುದೋ ದೊಡ್ಡ ಗಾಡಿಯದು, ಟ್ಯೂಬೇ ತೊಡೆಗಾತ್ರ. ಮೇಸ್ತ್ರಿ ಅದರ ಮುಂದೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಹೊಟ್ಟೆ ನಟ್ಟನಡುವೆ ಇದೆ. ಗೌಡರ ಜೀಪಿನಲ್ಲಿರುವುದು ಹಳೆಯ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ಅದರಿಂದ ಹಿಂದಕ್ಕೂ ಮುಂದಕ್ಕೂ ಶಾಫ್ಟು ಹೊರಡುವುದು ಬಲಬದಿಯಿಂದ. ಆಕ್ಸಲ್‌ನ ಹೊಟ್ಟೆಯೂ ಬಲಕ್ಕೆ ಸರಿದಿರಬೇಕು. ನಡುವೆ ಹೊಟ್ಟೆಯಿರುವುದನ್ನು ಹಾಕಿದರೆ ಶಾಫ್ಟು ಮೇಲಿನಿಂದ ಕೆಳಕ್ಕೆ ಮಾತ್ರವಲ್ಲ, ಬಲದಿಂದ ಎಡಕ್ಕೂ ಓರೆಯಾಗುತ್ತದೆ. ಅಷ್ಟು ಗಿಡ್ಡ ಶಾಫ್ಟಿನಲ್ಲಿ ಕ್ರಾಸ್ ಒಂದು ಮಳೆಗಾಲವೂ ಬಾಳದು. ಜೊತೆಗೆ ಅಗಲ ಹೆಚ್ಚು, ಚಕ್ರಗಳು ಮಡ್‌ಗಾರ್ಡಿನಿಂದ ಆಚೆ ಬರುತ್ತವೆ.

ಎರಡನೆಯದಕ್ಕೆ ಮಂಡಿಯೂರುತ್ತಾರೆ. ಕೆರೆದರೆ 44 ಕಾಣಿಸಿತು. ಹೊಟ್ಟೆ ಬಲಕ್ಕೆ, ಅಗಲ ಸರಿ, ಪ್ಯಾಡು ಸರಿ. ಹೆಚ್ಚುಕಡಿಮೆ ನೇರವಾಗಿ ಕೂರುವಂಥದ್ದು. ಗೌಡರ ಮುಖ ಅರಳುತ್ತದೆ. ಮೇಸ್ತ್ರಿ ತುದಿಯ ನಟ್ಟಿನ ಮೇಲಿನ ಗ್ರೀಸ್ ಒರೆಸಿ ಬೆರಳು ತೋರಿಸುತ್ತಾರೆ: ಮೊನಚಾಗುತ್ತ ಹೋಗುವ ಶಾಫ್ಟಿನ ತುದಿ, ಅದರಲ್ಲಿ ಕೊರೆದ ಅದೇ ಕಾಲುವೆ, ಅದೇ ಕೀ.

"ನಮ್ದು ಮುರ್ದಿದ್ದು ಇದೇ ಜಾತಿ. 31 ಇಂಚಿಗೂ ಇದೇ ಹಾಕಿದ್ರೆ ಇನ್ನೊಂದಿನ ಅದೇ ಕಥೆ."

ಸ್ವಲ್ಪ ತಾಳ್ಮೆಯಿಂದ ಇದನ್ನು ನೋಡಬೇಕು, ಯಾಕೆಂದರೆ ಆಯ್ಕೆಯ ತಿರುಳು ಇಲ್ಲಿದೆ. ಸೆಮಿ-ಫ್ಲೋಟಿಂಗ್ ಆಕ್ಸಲ್‌ನಲ್ಲಿ ಚಕ್ರ ಕೂತಿರುವುದು ಶಾಫ್ಟಿನ ತುದಿಯ ಮೇಲೆ. ಚಕ್ರವನ್ನು ತಿರುಗಿಸುವುದೂ ಶಾಫ್ಟು, ಗಾಡಿಯ ಭಾರ ಹೊರುವುದೂ ಶಾಫ್ಟು. ಭಾರಕ್ಕೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ತಿರುಗುವ ಶಾಫ್ಟಾದ್ದರಿಂದ ಪ್ರತಿ ಸುತ್ತಿಗೂ ಬೇರೆ ಮಗ್ಗುಲಿಗೆ ಬಾಗಬೇಕು. 33 ಇಂಚಿನ ಟೈರು ಒಂದು ಕಿಲೋಮೀಟರಿಗೆ ಸುಮಾರು 380 ಸುತ್ತು ಹೊಡೆಯುತ್ತದೆ. ಅಷ್ಟೂ ಸಲ ಕೀ ಕಾಲುವೆಯ ಚೂಪು ಮೂಲೆ ಹಿಗ್ಗಿ ಕುಗ್ಗುತ್ತದೆ. ಅಗಲ ಟೈರಿಗೆಂದು ಹೊರಚಾಚಿದ ರಿಮ್ ಹಾಕಿದರೆ ಭಾರ ಇನ್ನೂ ಆಚೆ ಹೋಗಿ ಬಾಗುವಿಕೆ ಹೆಚ್ಚುತ್ತದೆ. ಹಬ್ ನಟ್ಟು ಸ್ವಲ್ಪ ಸಡಿಲವಾಯಿತೋ, ಮೊನಚಿನ ಹಿಡಿತ ತಪ್ಪಿ ಎಳೆತವೆಲ್ಲ ಕೀ ಮೇಲೆ. ಬಿರುಕು ಹೊರಡುವುದು ಹೀಗೆ. ಮುರಿದ ದಿನ ಚಕ್ರ, ಡ್ರಮ್ಮು ಎರಡೂ ಒಟ್ಟಿಗೆ ಹೊರಬರುತ್ತವೆ, ಬ್ರೇಕಿನ ಪಿಸ್ಟನ್ ಈಚೆ ಬಂದು ಎಣ್ಣೆ ಚೆಲ್ಲುತ್ತದೆ. ಹಳೇ ಜೀಪಿನ ಬ್ರೇಕಿಗೆ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಲೈನು. ಇಳಿಜಾರಿನಲ್ಲಿ ಮೂರು ಚಕ್ರ, ಕಾಲಡಿಯಲ್ಲಿ ಬ್ರೇಕಿಲ್ಲದ ಪೆಡಲು. ಗೌಡರು ಗಾಡಿಯನ್ನು ಬರೆಗೆ ಗುದ್ದಿಸಿ ಉಳಿದುಕೊಂಡರು.

ಫುಲ್ ಫ್ಲೋಟಿಂಗ್‌ನಲ್ಲಿ ಈ ಎರಡು ಕೆಲಸ ಬೇರೆಬೇರೆ. ಚಕ್ರ ಎರಡು ಬೇರಿಂಗಿನ ಮೇಲೆ ಹೌಸಿಂಗಿನ ತುದಿಯ ಸ್ಪಿಂಡಲಿಗೆ ಕೂತಿರುತ್ತದೆ. ಭಾರ ಹೌಸಿಂಗಿನದು. ಶಾಫ್ಟು ನಡುವೆ ತೂರಿ ಬಂದು, ಹೊರಗಡೆ ಬೋಲ್ಟಿನಿಂದ ಹಬ್ಬನ್ನು ಹಿಡಿದು ತಿರುಗಿಸುತ್ತದೆ, ಅಷ್ಟೇ. ಮುರಿದರೂ ಚಕ್ರ ಎಲ್ಲಿಗೂ ಹೋಗದು. ಬೋಲ್ಟು ಬಿಚ್ಚಿ ಶಾಫ್ಟು ಎಳೆದು ತೆಗೆದು, ಎಣ್ಣೆ ಸೋರದಂತೆ ಬಾಯಿಗೊಂದು ತಗಡು ಕಟ್ಟಿ, ಮುಂದಿನ ಚಕ್ರಗಳ ಎಳೆತದಿಂದಲೇ ಮೆಲ್ಲಗೆ ಮನೆ ಸೇರಬಹುದು. ಯುದ್ಧಕಾಲದ ವಿಲ್ಲಿಸ್ ಜೀಪಿನ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗೇ ಆಗಿತ್ತು. ಯುದ್ಧ ಮುಗಿದು ರೈತರಿಗೆ ಮಾರುವ ಜೀಪು ಬಂದಮೇಲೆ ಸೆಮಿ-ಫ್ಲೋಟಿಂಗ್ ಹಾಕತೊಡಗಿದರು. 29 ಇಂಚಿನ ಟೈರಿಗೆ, ಹೊಲದ ದಾರಿಗೆ ಅದು ಸಾಕಾಗಿತ್ತು.

ಮೂರನೆಯದು ರಾಶಿಯ ಅಡಿಯಲ್ಲಿದೆ. ಎಳೆಯಲು ಮೂವರು ಬೇಕಾಯಿತು. "ಮಿಲಿಟರಿ ಡಿಸ್ಪೋಸಲ್ ಮಾಲು ಅಣ್ಣ" ಅನ್ನುತ್ತಾರೆ ಅಂಗಡಿಯವರು. ಎಲ್ಲಿಂದ ಬಂತು ಎಂಬುದಕ್ಕಿಂತ ಈಗ ಹೇಗಿದೆ ಎಂಬುದೇ ಮುಖ್ಯ. ಹಬ್ಬಿನ ನಡುವೆ ಬೋಲ್ಟುಗಳ ಸುತ್ತು: ಫುಲ್ ಫ್ಲೋಟಿಂಗ್. ಹೊಟ್ಟೆ ಬಲಕ್ಕೆ. ಚಕ್ರದ ಸ್ಟಡ್ಡು ಐದು, ಐದೂವರೆ ಇಂಚಿನ ಸುತ್ತಿನಲ್ಲಿ, ಜೀಪಿನ ರಿಮ್ಮಿಗೆ ಸರಿಯಾಗಿ. ಹಿಂದಿನ ಮುಚ್ಚಳ ಬಿಚ್ಚಿದರೆ ಕಪ್ಪು ಎಣ್ಣೆ ಗಟ್ಟಿಯಾಗಿ ಇಳಿಯುತ್ತದೆ. ಮೇಸ್ತ್ರಿ ಅಯಸ್ಕಾಂತವನ್ನು ಅದರೊಳಗೆ ಅದ್ದಿ ಎತ್ತಿ, ಬೆರಳುಗಳ ನಡುವೆ ಉಜ್ಜಿ ನೋಡುತ್ತಾರೆ. ನುಣ್ಣನೆ ಬೂದಿಯಂಥ ಪುಡಿ ಇದ್ದರೆ ಸಹಜ ಸವೆತ. ಚೂರು ಸಿಕ್ಕರೆ ಎಲ್ಲೋ ಹಲ್ಲು ಹೋಗಿದೆ ಎಂದರ್ಥ. ಚೂರಿಲ್ಲ. ಟಾರ್ಚು ಬಿಟ್ಟು ಒಳಗಿನ ಸಣ್ಣ ಗೇರುಗಳನ್ನೂ ನೋಡುತ್ತಾರೆ. ಎರಡೂ ಚಕ್ರ ಒಟ್ಟಿಗೆ ತಿರುಗಲೆಂದು ಆ ಗೇರುಗಳನ್ನೇ ವೆಲ್ಡ್ ಮಾಡಿ ಓಡಿಸಿ, ಆಮೇಲೆ ಗುಜರಿಗೆ ತಳ್ಳಿದ ಆಕ್ಸಲ್‌ಗಳುಂಟು. ಇದರಲ್ಲಿ ವೆಲ್ಡಿನ ಗುರುತಿಲ್ಲ.

ಹಲ್ಲು ಎಣಿಸಿದರೆ 43 ಮತ್ತು 8. ಅಂದರೆ 5.38, ಹಳೆಯ ಪೆಟ್ರೋಲ್ ಜೀಪುಗಳ ರೇಶಿಯೋ. ನೀವೇ ಲೆಕ್ಕ ಹಾಕಿ ನೋಡಿ. 31 ಇಂಚಿನ ಟೈರಿಗೆ ಮೊದಲಿನ ಎಳೆತ ಪೂರ್ತಿ ವಾಪಸ್ ಬರಲು 5.2ರ ಸುಮಾರು ಬೇಕು, 5.38 ಅದಕ್ಕಿಂತ ತುಸು ಹೆಚ್ಚು. 60 ಕಿಲೋಮೀಟರ್ ವೇಗದಲ್ಲಿ ಎಂಜಿನ್ 2,170ರ ಆಸುಪಾಸು ತಿರುಗುತ್ತದೆ. ಚೀಲ ತುಂಬಿಕೊಂಡು ಏರು ಹತ್ತುವ ಗಾಡಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕೊರತೆ ಇಲ್ಲದಿಲ್ಲ. ಕ್ರೌನ್ ವೀಲಿನ ಅಳತೆ ಅದೇ ಇದ್ದು ರೇಶಿಯೋ ಹೆಚ್ಚಾದರೆ ಪಿನಿಯನ್ನಿನ ತಲೆ ಸಣ್ಣದಾಗುತ್ತದೆ, ಅಷ್ಟರಮಟ್ಟಿಗೆ ಬಲ ಕಡಿಮೆ. 33 ಇಂಚಿನ ಟೈರು ಉಳಿಸಿಕೊಂಡು ಲಾಕರ್ರೂ ಹಾಕುವುದಾಗಿದ್ದರೆ ಈ ಪಿನಿಯನ್ ಬೇಡ ಎಂದು ನಾನೇ ಹೇಳುತ್ತಿದ್ದೆ.

ಕೊನೆಗೆ ಹೌಸಿಂಗ್ ನೆಟ್ಟಗಿದೆಯೇ ಎಂಬ ಪರೀಕ್ಷೆ. ಬಂಡೆಗೆ ಬಿದ್ದು ಟ್ಯೂಬು ಬಾಗಿದ್ದರೆ ಬರಿಗಣ್ಣಿಗೆ ಕಾಣದು, ಬೇರಿಂಗಿಗೂ ಟೈರಿಗೂ ಮಾತ್ರ ಗೊತ್ತಾಗುತ್ತದೆ. ಎರಡೂ ಹಬ್ಬಿಗೆ ಉದ್ದನೆಯ ನೇರ ಪಟ್ಟಿ ಕಟ್ಟಿ, ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ. ಹೌಸಿಂಗನ್ನು ಕಾಲು ಸುತ್ತು ಹೊರಳಿಸಿ ಮತ್ತೆ ಅದೇ. ದಾರ ಎಳೆದು ಇನ್ನೊಮ್ಮೆ. ಅಂಗಡಿಯವರು ಚಹಾ ತರಿಸುತ್ತಾರೆ. ಇಷ್ಟು ಅಳೆಯುವ ಗಿರಾಕಿ ತಗೊಂಡೇ ಹೋಗುತ್ತಾನೆಂದು ಅವರಿಗೆ ಗೊತ್ತು. ಎಲ್ಲ ಅಳತೆ ಕೂಡಿಬಂದ ಮೇಲಷ್ಟೇ ಮೇಸ್ತ್ರಿ ರೇಟು ಕೇಳುತ್ತಾರೆ. ಜೊತೆಗೆ ಮುಂದಿನ ಆಕ್ಸಲ್‌ಗೂ 43-8ರ ಒಂದು ಕ್ರೌನ್ ಪಿನಿಯನ್ ಜೋಡಿ ಬೇಕೆನ್ನುತ್ತಾರೆ. ಹಿಂದೆ 5.38, ಮುಂದೆ 4.88 ಉಳಿದರೆ ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ಹತ್ತಿರಹತ್ತಿರ ಶೇ 10ರಷ್ಟು ವೇಗದ ಜಗಳ. ಗಟ್ಟಿ ನೆಲದಲ್ಲಿ ಆ ಜಗಳ ಟ್ರಾನ್ಸ್‌ಫರ್ ಕೇಸಿನ ಹಲ್ಲು ಮುರಿಯುವವರೆಗೂ ಹೋಗುತ್ತದೆ.

"ಮುಂದಿಂದೂ ಇಡೀ ಆಕ್ಸಲ್ಲೇ ದಪ್ಪಂದು ತಗೊಂಡ್ರೆ?" ಗೌಡರು ಕೇಳುತ್ತಾರೆ. ಹುಡುಗನ ಪರವಾಗಿ ಕೇಳಿದ್ದು.

"ಮುರಿಯೋದಾದ್ರೆ ಎಲ್ ಮುರೀಬೇಕು ಅಂತ ಮೊದ್ಲೇ ಯೋಚ್ನೆ ಮಾಡ್ಬೇಕು ಗೌಡ್ರೇ. ಮುಂದೆ ಚಕ್ರದ ಹತ್ರ ಒಂದು ಕ್ರಾಸ್ ಐತೆ. ಜಾಸ್ತಿ ಜೋರು ಬಿದ್ರೆ ಮೊದ್ಲು ಅದು ಹೋಗ್ಲಿ. ಅದು ಅಗ್ಗ, ಸೀಟ್ ಕೆಳಗೆ ಇಟ್ಕೊಬೋದು, ತೋಟದಲ್ಲೇ ಕೂತು ಬದ್ಲಾಯಿಸ್ಬೋದು. ಕ್ರಾಸು, ಶಾಫ್ಟು ಎಲ್ಲಾ ದಪ್ಪ ಮಾಡ್ಬಿಟ್ರೆ ಆಮೇಲೆ ಮುರಿಯೋಕ್ ಉಳ್ಯೋದು ಕ್ರೌನ್ ಪಿನಿಯನ್ನು. ಅದನ್ನ ಹಳ್ಳದಲ್ಲಿ ನಿಂತ್ಕೊಂಡು ಯಾರ್ ಮಾಡ್ತಾರೆ?"

ದುಂಡನೆಯ ಶಾಫ್ಟಿನ ತಿರುಚು ತಡೆಯುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಶೇ 10 ಹೆಚ್ಚಾದರೆ ಬಲ ಶೇ 33 ಹೆಚ್ಚು. ಹಾಗಾಗಿ ದಪ್ಪ ಶಾಫ್ಟು ಕೊಳ್ಳುವುದು ಸುಲಭ, ಪಕ್ಕದ ಭಾಗವನ್ನೂ ಅಷ್ಟೇ ಬಲಪಡಿಸುವುದು ಕಷ್ಟ. ಲೋ ಗೇರು ಸೇರಿದಾಗ ಎಂಜಿನ್ನಿನ ಬಲ ಎಷ್ಟಾಗುತ್ತದೆ ಎಂದು ತಿಳಿಯಲು ಹಳೇ ಪೆಟ್ರೋಲ್ ಜೀಪಿನ ಲೆಕ್ಕ ಸಾಕು: ಫಸ್ಟ್ ಗೇರು 2.8, ಲೋ 2.46, ಆಕ್ಸಲ್ 5.38. ಗುಣಿಸಿದರೆ 37. ಎಂಜಿನ್ ಕೊಟ್ಟ ಒಂದು ಪಾಲು ಆಕ್ಸಲ್ ಮುಟ್ಟುವಾಗ 37 ಪಾಲು. ಸಾಧಾರಣ ಡಿಫರೆನ್ಷಿಯಲ್ ಇದ್ದರೆ ಅದು ಎರಡೂ ಚಕ್ರಕ್ಕೆ ಸಮನಾಗಿ ಹಂಚಿಹೋಗುತ್ತದೆ. ಒಂದು ಚಕ್ರ ಜಾರಿದ ಕೂಡಲೇ ಎಳೆತ ಇಳಿದು ಶಾಫ್ಟು ಉಳಿಯುತ್ತದೆ. ಲಾಕರ್ ಹಾಕಿದರೆ ಹಿಡಿತ ಸಿಕ್ಕ ಒಂದೇ ಚಕ್ರಕ್ಕೆ, ಒಂದೇ ಶಾಫ್ಟಿಗೆ ಎಲ್ಲವೂ ಹೋಗಬಹುದು. ಲಾಕರ್ ಕೆಟ್ಟದ್ದೆಂದಲ್ಲ. ಅದನ್ನು ತಡೆಯುವ ಶಾಫ್ಟು ಮೊದಲು ಬರಬೇಕು.

ಸಕಲೇಶಪುರಕ್ಕೆ ಪಿಕಪ್‌ನಲ್ಲಿ ಮಾಲು ಬಂದಿಳಿದ ಮೇಲೆ ಶೆಡ್ಡಿನ ಕೆಲಸ ನಿಧಾನ. ಎಲ್ಲ ಬೇರಿಂಗು, ಸೀಲು ಹೊಸದು. ಕ್ರೌನ್ ವೀಲಿನ ಕೆಲವು ಹಲ್ಲಿಗೆ ನೀಲಿ ಪೇಸ್ಟ್ ಹಚ್ಚಿ, ಬಟ್ಟೆಯಿಂದ ತಡೆ ಕೊಟ್ಟು ತಿರುಗಿಸಿ, ಪಿನಿಯನ್ ಎಲ್ಲಿ ತಾಗುತ್ತಿದೆ ಎಂದು ನೋಡುತ್ತಾರೆ. ಮೊದಲ ಸಲ ಗುರುತು ಹಲ್ಲಿನ ಬುಡದಲ್ಲಿ ಬಿತ್ತು: ಪಿನಿಯನ್ ಆಳಕ್ಕಿಳಿದಿದೆ. ಶಿಮ್ ಎಂಬ ತೆಳು ಬಿಲ್ಲೆ ಒಂದನ್ನು ತೆಗೆಯಬೇಕು. ತೆಗೆಯಲು ಬೇರಿಂಗನ್ನೇ ಎಳೆದು ಬಿಚ್ಚಬೇಕು. ಪ್ರತಿಸಲ ಹೊಸ ಬೇರಿಂಗ್ ಎಳೆದರೆ ಅದು ಹಾಳು. ಅದಕ್ಕೇ ಮೇಸ್ತ್ರಿ ಒಂದು ಹಳೇ ಬೇರಿಂಗಿನ ಒಳಸುತ್ತನ್ನು ಉಜ್ಜಿ ಕೈಯಲ್ಲೇ ಜಾರುವಂತೆ ಮಾಡಿ ಇಟ್ಟುಕೊಂಡಿದ್ದಾರೆ. ಅಳತೆ ಕೂಡುವವರೆಗೂ ಅದೇ, ಹೊಸದು ಕೊನೆಯಲ್ಲಿ. ಡಯಲ್ ಗೇಜಿನ ಮುಳ್ಳು ಹಲ್ಲುಗಳ ನಡುವಿನ ಆಟವನ್ನು ತೋರಿಸುತ್ತದೆ, 0.13ರಿಂದ 0.25 ಮಿಲಿಮೀಟರ್ ಒಳಗಿರಬೇಕು. ನಿಮಗೂ ತಿರುಗಿಸಲು ಕೊಡುತ್ತಾರೆ. ಕೈಗೆ ಆ ಆಟ ಒಂದು ಸಣ್ಣ ಟಿಕ್ ಆಗಿ ಮಾತ್ರ ಸಿಗುತ್ತದೆ. ನೀಲಿ ಗುರುತು ಈಗ ಹಲ್ಲಿನ ನಡುಭಾಗದಲ್ಲಿದೆ.

ಮುಂದಿನ ಆಕ್ಸಲ್‌ಗೂ ಇದೇ ಕ್ರಮ, ಶಾಫ್ಟು ಕ್ರಾಸು ಹಳೆಯವೇ. ಹಿಂದಿನದಕ್ಕೆ ಪ್ಯಾಡನ್ನು ಕೂಡಲೇ ವೆಲ್ಡ್ ಮಾಡುವುದಿಲ್ಲ. ಕಮಾನಿನ ಮೇಲೆ ಆಕ್ಸಲ್ ಸುಮ್ಮನೆ ಕೂರಿಸಿ, ಗಾಡಿಯ ಭಾರ ಬಿಟ್ಟು, ಹಿಂದೆ ಮರಳು ಚೀಲ ಹೇರಿ, ಟ್ರಾನ್ಸ್‌ಫರ್ ಕೇಸಿನ ಕೋನಕ್ಕೆ ಪಿನಿಯನ್ ಸಮಾನಾಂತರವಾಗುವವರೆಗೆ ಹೊರಳಿಸಿ, ಆಮೇಲೆ ಟ್ಯಾಕ್ ಹಾಕುತ್ತಾರೆ. ಪೂರ್ತಿ ವೆಲ್ಡು ಒಂದೇ ಉಸಿರಿಗಲ್ಲ: ಒಂದಿಂಚು ಇಲ್ಲಿ, ಒಂದಿಂಚು ಅಲ್ಲಿ, ಆರಲು ಬಿಟ್ಟು ಮತ್ತೆ. ಬಿಸಿಗೆ ಟ್ಯೂಬು ಬಾಗಿದರೆ ಗುಜರಿಯಲ್ಲಿ ಅಳೆದದ್ದೆಲ್ಲ ನೀರಿನಲ್ಲಿ ಹೋಮ. ಗಾಳಿ ಬಿಡುವ ಬ್ರೀದರ್‌ಗೆ ರಬ್ಬರ್ ಪೈಪು ಸೇರಿಸಿ ಸೀಟಿನ ಎತ್ತರಕ್ಕೆ ಒಯ್ದು ಕಟ್ಟುತ್ತಾರೆ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ ಮೇಲೆ ಯಾವ ಬೇರಿಂಗೂ ಉಳಿಯದು.

ನವೆಂಬರ್ ಕೊನೆಗೆ ಜೀಪು ಹೊರಗೆ ಬಂತು. ಮೊದಲ 500 ಕಿಲೋಮೀಟರ್ ಚೀಲ ಹೇರಬಾರದು, ಬಿಸಿಯಾದಾಗ ನಿಲ್ಲಿಸಿ ಆರಿಸಬೇಕು ಎಂದು ಮೇಸ್ತ್ರಿ ಕಟ್ಟಪ್ಪಣೆ ಮಾಡಿದ್ದರು. ಇವತ್ತು ಎಣ್ಣೆ ಬದಲಾಯಿಸಲು ಗೌಡರ ಜೊತೆ ಹುಡುಗನೂ ಬಂದಿದ್ದಾನೆ. ಅಯಸ್ಕಾಂತದ ಮೇಲೆ ಬೂದಿಯಷ್ಟೇ, ಚೂರಿಲ್ಲ. ಹೊಸ ಗೇರ್ ಎಣ್ಣೆ ಸುರಿಯುವಾಗ ಹುಡುಗ ಮೆಲ್ಲಗೆ ಲಾಕರ್ ವಿಷಯ ತೆಗೆಯುತ್ತಾನೆ.

"ಈ ಫಸಲು ಮುಗೀಲಿ ಕಣಪ್ಪ," ಮೇಸ್ತ್ರಿ ಪ್ಲಗ್ ಬಿಗಿಯುತ್ತ ಹೇಳುತ್ತಾರೆ. "ಫೆಬ್ರವರೀಲಿ ಶಾಫ್ಟ್ ಎಳ್ದು ತುದಿ ಹಲ್ಲು, ಸ್ಪ್ಲೈನ್ ನೋಡಾಣ. ತಿರುಚ್ಕೊಂಡಿಲ್ಲ ಅಂದ್ರೆ ಮಾತಾಡಾಣ. ಈಗ ನೀನು ಎರಡು ಕ್ರಾಸು, ಅದರ ಲಾಕು, ಹಬ್ ಬೋಲ್ಟು ತಂದು ಸೀಟ್ ಕೆಳಗೆ ಇಡು. ಹದಿನಾರನೇ ನಂಬರ್ ಸ್ಪ್ಯಾನರ್ ಅಲ್ಲೇ ಇರ್ಲಿ."